ಮೂಗಕ್ಕನ ಸಹಿ

ನಮ್ಮ ಅತ್ತೆಯನ್ನು ಫೋಮ್ ಕಾರ್ಖಾನೆಯಲ್ಲಿ ಎಲ್ಲರೂ ಮೂಗಕ್ಕ ಎಂದೇ ಕರೆಯುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಹೆಸರು ಕೇಳಿ, ಪಾಪ, ಈಕೆಗೆ ಮಾತು ಬಾರದೇನೋ ಎಂದುಕೊಂಡು ಒಂದೆರಡು ದಿನ ಕೈಸನ್ನೆಯಲ್ಲೇ ವ್ಯವಹರಿಸುತ್ತಾರೆ. ಅತ್ತೆ ತಕ್ಷಣ ತಿದ್ದುವವಳಲ್ಲ. ಎದುರಿಗಿದ್ದವರು ಎರಡು ಬೆರಳಾಡಿಸಿ ಕತ್ತರಿ ಎಲ್ಲಿದೆ ಎಂದು ಕೇಳುವ ಪಾಡನ್ನು ಪೂರ್ತಿ ನೋಡಿ, ಆಮೇಲೆ ನಿಧಾನಕ್ಕೆ, "ಎರಡನೇ ಡ್ರಾಯರಲ್ಲಿದೆ, ತಗೊಳ್ಳಪ್ಪ. ಹಾಗೇ ಬಾಯಿ ಮುಕ್ಕಳಿಸ್ಕೊಂಡು ಬಾ, ಹಸಿ ಈರುಳ್ಳಿ ತಿಂದಿದ್ದೀಯ" ಎನ್ನುತ್ತಾಳೆ.

ಹೆಸರು ಬಂದದ್ದು ಅವಳ ಮೂಗಿನಿಂದ. ನೋಡುವುದಕ್ಕೆ ಅದೇನೂ ವಿಶೇಷವಾದ ಮೂಗಲ್ಲ. ನಮ್ಮಪ್ಪನಿಗೂ ಅಂಥದ್ದೇ ಇದೆ, ಆದರೆ ಅಪ್ಪನಿಗೆ ಹಾಲು ಸೀದು ಪಾತ್ರೆ ಕರಕಲಾದರೂ ಗೊತ್ತಾಗುವುದಿಲ್ಲ. ಅಪ್ಪನ ಈ ತಂಗಿಗೆ ಮಾತ್ರ ಹುಟ್ಟಿದಾಗಿನಿಂದ ವಾಸನೆಯದೇ ಒಂದು ಲೋಕ. ಅವಳು ನಾಲ್ಕನೇ ತರಗತಿಯಲ್ಲಿದ್ದಾಗ ಒಮ್ಮೆ ಮಕ್ಕಳ ನೋಟ್‌ಬುಕ್ಕುಗಳ ಮೇಲಿನ ಹೆಸರಿನ ಚೀಟಿಗಳೆಲ್ಲ ಕಿತ್ತುಬಂದಿದ್ದವಂತೆ. ಮೇಷ್ಟ್ರು ತಲೆಕೆರೆದುಕೊಳ್ಳುತ್ತಿದ್ದಾಗ ಇವಳು ಎದ್ದುನಿಂತು ಒಂದೊಂದನ್ನೇ ಮೂಸಿ ಹಂಚಿದಳು. ಇದು ಬೆಕ್ಕಿರುವ ಮನೆಯದು, ಇದು ತಲೆಗೆ ಎಣ್ಣೆ ಜಾಸ್ತಿ ಹಚ್ಚುವವನದು, ಇದು ಸೀಮೆಎಣ್ಣೆ ಅಂಗಡಿಯವನದು. ಮೂವತ್ತೆಂಟರಲ್ಲಿ ಎರಡು ಮಾತ್ರ ತಪ್ಪಾದವು. ಅದೂ ಇಬ್ಬರು ಅಣ್ಣತಮ್ಮಂದಿರ ಪುಸ್ತಕ ಅದಲುಬದಲಾಗಿ.

ಮದುವೆಯಾದ ಮೇಲೆ ಈ ಮೂಗಿನ ಪೂರ್ತಿ ಏಟು ತಿಂದವರು ನಮ್ಮ ಮಾವ. ಮಾವ ಬಸ್ ಡ್ರೈವರ್. ಸಿಗರೇಟು ಸೇದುತ್ತಿದ್ದರು, ಸೇದುವುದಿಲ್ಲ ಎಂದು ಮನೆಯಲ್ಲಿ ಹೇಳಿದ್ದರು. ಮದುವೆಯಾದ ಮೂರನೇ ದಿನ ಅವರು ಡಿಪೋದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅತ್ತೆ ಒಳಗಿನಿಂದ, "ಇವತ್ತು ಮೂರಾ, ನಾಲ್ಕಾ?" ಎಂದಳಂತೆ. ಮಾವ ಆರು ತಿಂಗಳು ಏಲಕ್ಕಿ ಅಗಿದರು, ಲವಂಗ ಅಗಿದರು, ಬಸ್ ಸ್ಟ್ಯಾಂಡಿನಲ್ಲೇ ಸೋಪು ಹಾಕಿ ಮುಖ ತೊಳೆದು ಬಂದರು. ಕೊನೆಗೆ ಸೋತು ಸಿಗರೇಟನ್ನೇ ಬಿಟ್ಟರು. "ಕದ್ದು ಸೇದೋ ಖುಷಿನೇ ಇಲ್ಲ ಅಂದ್ಮೇಲೆ ಸೇದಿ ಏನು ಪ್ರಯೋಜನ" ಎಂದು ಈಗಲೂ ಹೇಳುತ್ತಾರೆ. ಅವರದು ಕೆಳಗಿನ ಮನೆ, ನಮ್ಮದು ಮಹಡಿ ಮನೆ. ನಾವು ಬಿಸ್ಕತ್ತಿನ ಪೊಟ್ಟಣ ಒಡೆದರೆ ಕೆಳಗಿನಿಂದ, "ನನಗೆರಡು ಇಡಿ" ಎಂಬ ಕೂಗು ಬರುತ್ತಿತ್ತು.

ಕಾರ್ಖಾನೆಗೆ ಸೇರುವಾಗ ಅತ್ತೆಗೆ ಮೂವತ್ತೆರಡು ವರ್ಷ. ಮಗಳು ಶಾಲೆಗೆ ಹೋಗಲು ಶುರುಮಾಡಿದ್ದಳು. ಓದಿದ್ದು ಹತ್ತನೆಯವರೆಗೆ. ಕೆಲಸ ಪ್ಯಾಕಿಂಗ್ ವಿಭಾಗದಲ್ಲಿ, ಹಾಸಿಗೆಗಳಿಗೆ ಪ್ಲಾಸ್ಟಿಕ್ ಸುತ್ತುವುದು. ಆದರೆ ಊಟದ ಬಿಡುವಿನಲ್ಲಿ ಅವಳು ಹೋಗಿ ನಿಲ್ಲುತ್ತಿದ್ದದ್ದು ಫೋಮ್ ಸುರಿಯುವ ಕಡೆ. ಎರಡು ಮೂರು ದ್ರವಗಳು ಒಂದು ಮೂತಿಯಲ್ಲಿ ಸೇರಿ ಚಲಿಸುವ ಪಟ್ಟಿಯ ಮೇಲೆ ಹಾಲಿನಂತೆ ಬೀಳುತ್ತವೆ. ಬಿದ್ದದ್ದು ಹತ್ತು ಹೆಜ್ಜೆ ಸಾಗುವಷ್ಟರಲ್ಲಿ ಉಕ್ಕಿ, ಇಪ್ಪತ್ತು ಹೆಜ್ಜೆಗೆ ಆಳೆತ್ತರವಾಗಿ, ಗೋಡೆಯ ಹಾಗೆ ನಿಂತುಬಿಡುತ್ತದೆ. ಅದನ್ನು ಉದ್ದುದ್ದ ಬ್ಲಾಕುಗಳಾಗಿ ಕತ್ತರಿಸಿ ಒಂದು ದೊಡ್ಡ ಶೆಡ್ಡಿನಲ್ಲಿ ಆರಲು ಇಡುತ್ತಾರೆ. ಹೊರಗೆ ಮುಟ್ಟಿದರೆ ತಣ್ಣಗಿರುತ್ತದೆ, ಹೊಟ್ಟೆಯೊಳಗೆ ಮಾತ್ರ ಕುದಿಯುತ್ತಿರುತ್ತದೆ.

ಸೇರಿದ ಎರಡನೇ ವರ್ಷ, ಒಂದು ಮಧ್ಯಾಹ್ನ, ಅವಳು ಪ್ಯಾಕಿಂಗ್ ಗಾಡಿ ತಳ್ಳಿಕೊಂಡು ಆ ಶೆಡ್ಡಿನ ಬಾಗಿಲ ಮುಂದೆ ಹೋಗುತ್ತಿದ್ದಳು. ತಟ್ಟನೆ ನಿಂತಳು.

"ಏನೋ ಸೀಯ್ತಾ ಇದೆ" ಎಂದಳು.

ಶೆಡ್ಡಿನ ಉಸ್ತುವಾರಿಯವರು ನಕ್ಕರು. "ಫೋಮ್ ವಾಸನೆ ಅಮ್ಮ ಅದು. ಇಷ್ಟು ದಿನ ಆಯ್ತು, ಇನ್ನೂ ಅಭ್ಯಾಸ ಆಗಿಲ್ವಾ?"

"ಫೋಮ್ ವಾಸನೆ ನನಗೆ ಗೊತ್ತು. ಇದು ಅದಲ್ಲ."

ಯಾರು ಎಷ್ಟು ಹೇಳಿದರೂ ಅಲ್ಲಾಡಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸಾಲಿನಲ್ಲಿದ್ದ ಬ್ಲಾಕುಗಳನ್ನು ಒಂದೊಂದಾಗಿ ದಾಟುತ್ತ ಹೋಗಿ, ಹದಿನೇಳನೆಯದರ ಮುಂದೆ ನಿಂತು, "ಇದು" ಎಂದಳು. ಹೊಗೆಯಿಲ್ಲ, ಬಣ್ಣ ಬದಲಾಗಿಲ್ಲ. ಫೋರ್ಕ್‌ಲಿಫ್ಟ್ ಓಡಿಸುವವನು, ಆಗ ಇನ್ನೂ ಮೀಸೆ ಕಪ್ಪಗಿದ್ದ ದಪ್ಪ ಮನುಷ್ಯ, "ತಗೊಂಡ್ಹೋಗಿ ಅಂಗಳದಲ್ಲಿಟ್ರೆ ಏನು ಗಂಟು ಹೋಗತ್ತೆ" ಎಂದು ಅದನ್ನೆತ್ತಿ ಹೊರಗೆ ಬಯಲಿನಲ್ಲಿಟ್ಟ. ಐದು ನಿಮಿಷ ಏನೂ ಇಲ್ಲ. ಉಸ್ತುವಾರಿಯವರು ಗಡಿಯಾರ ನೋಡಿಕೊಂಡರು. ಆರನೇ ನಿಮಿಷಕ್ಕೆ ಬ್ಲಾಕಿನ ನೆತ್ತಿಯಿಂದ ಒಂದೆಳೆ ಹೊಗೆ ಎದ್ದಿತು, ಅದರ ಬೆನ್ನಿಗೇ ಬೆಂಕಿ. ನೀರಿನ ಪೈಪು ಎಳೆದು ತಂದು ಆರಿಸಿದ ಮೇಲೆ ನೋಡಿದರೆ ನಡುವೆ ಇದ್ದಿಲಿನ ಗವಿಯಂತೆ ಕಪ್ಪು. ಶೆಡ್ಡಿನಲ್ಲಿ ಇನ್ನೂ ನಲವತ್ತು ಬ್ಲಾಕುಗಳಿದ್ದವು, ಆರು ಜನ ಕೆಲಸದಲ್ಲಿದ್ದರು.

ಅಂದಿನಿಂದ ಅವಳು ಮೂಗಕ್ಕ. ಮುಂದಿನ ವಾರವೇ ಪರೀಕ್ಷಾ ಕೋಣೆಗೆ ವರ್ಗವಾಯಿತು.

ಪರೀಕ್ಷಾ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಕೆಮಿಸ್ಟ್ ಮೇಡಂ. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುವ, ಮಿತವಾಗಿ ಮಾತಾಡುವ ಹೆಂಗಸು. ಅತ್ತೆಗೆ ಒಂದೊಂದೇ ಕೆಲಸ ಕಲಿಸಿದರು. ಉಕ್ಕಿನ ಗುಂಡನ್ನು ಗಾಜಿನ ಕೊಳವೆಯಲ್ಲಿ ಬಿಟ್ಟು ಫೋಮ್ ಮೇಲೆ ಅದು ಎಷ್ಟೆತ್ತರ ಪುಟಿಯುತ್ತದೆ ಎಂದು ನೋಡುವುದು. ಒಂದೇ ತುಂಡನ್ನು ಯಂತ್ರದ ಕೈಯಲ್ಲಿ ಎಂಬತ್ತು ಸಾವಿರ ಸಲ ಒತ್ತಿಸಿ ಎಷ್ಟು ಕುಗ್ಗಿತೆಂದು ಅಳೆಯುವುದು. ಬಟ್ಟೆ ಹೊದಿಸಿದ ತುಂಡಿನ ಮೇಲೆ ಉರಿಯುವ ಸಿಗರೇಟಿಟ್ಟು, ಬೆಂಕಿ ಹಬ್ಬುತ್ತದೋ ತಾನಾಗಿ ಆರುತ್ತದೋ ಎಂದು ಗಡಿಯಾರ ಹಿಡಿದು ಕೂರುವುದು. ಈ ಕೊನೆಯದನ್ನು ಕೇಳಿದಾಗ ಮಾವ ಎದೆ ಬಡಿದುಕೊಂಡರು. "ನನ್ನ ಕೈಯಿಂದ ಕಿತ್ಕೊಂಡು ಹೋಗಿ ಹಾಸಿಗೆಗೆ ಸೇದಿಸ್ತಿದ್ದೀಯಲ್ಲೇ!"

ಮೇಡಂ ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. "ಅಕ್ಕ, ಹಸಿ ದ್ರವದ ಡ್ರಮ್‌ಗಳ ಹತ್ರ ನಿಮ್ಮ ಮೂಗು ಹೋಗಬಾರದು. ಅಲ್ಲಿ ಮಾಸ್ಕ್ ಹಾಕ್ಲೇಬೇಕು. ಅದು ಎದೆಗೆ ಹೋದ್ರೆ ನಿಮ್ಮ ಮೂಗೂ ಉಳಿಯಲ್ಲ, ನೀವೂ ಉಳಿಯಲ್ಲ. ಇನ್ನೊಂದು, ಕೆಲವು ವಿಷಕ್ಕೆ ವಾಸನೆನೇ ಇರಲ್ಲ. ಮೂಗು ನಂಬಿ ಯಾವತ್ತೂ ತೀರ್ಪು ಕೊಡಬೇಡಿ." ಅತ್ತೆ ಇದನ್ನು ತನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಳು. ಆ ನೋಟ್‌ಬುಕ್ ನಾನು ನೋಡಿದ್ದೇನೆ. ಅಕ್ಷರ ಮುತ್ತಿನಂತಿದೆ.

ಹೀಗೆ ಒಂಬತ್ತು ವರ್ಷ ಕಳೆಯಿತು. ಒಂದು ದಿನ ಮಕ್ಕಳ ಆಸ್ಪತ್ರೆಯೊಂದು ತನ್ನ ವಾರ್ಡುಗಳಿಗೆಲ್ಲ ಹೊಸ ಹಾಸಿಗೆ ಬೇಕೆಂದು ಕೇಳಿ, ಜೊತೆಗೆ ಒಂದು ಷರತ್ತು ಹಾಕಿತು. ನಿಮ್ಮ ಫೋಮ್ ಒಳಗೆ ಏನಿದೆ, ಅದರಿಂದ ಗಾಳಿಗೆ ಏನು ಸೇರುತ್ತದೆ ಎಂದು ಹೊರಗಿನವರು ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರ ತನ್ನಿ, ಆಮೇಲೆ ಮಾತು. ಅಲ್ಲಿಯವರೆಗೆ ಕಾರ್ಖಾನೆಯಲ್ಲಿ ಹಾಸಿಗೆ ಮೆತ್ತಗಿದೆಯೇ, ಬಾಳುತ್ತದೆಯೇ ಎಂದಷ್ಟೇ ನೋಡುತ್ತಿದ್ದರು. ಈಗ ಬಂದ ಪಟ್ಟಿ ಬೇರೆಯೇ ಆಗಿತ್ತು. ಸೀಸ ಇರಬಾರದು, ಪಾದರಸ ಇರಬಾರದು, ಬೆಂಕಿ ತಡೆಯಲೆಂದು ಹಾಕುವ ಕೆಲವು ಕೆಟ್ಟ ರಾಸಾಯನಿಕಗಳು ಇರಬಾರದು, ಆಕಾಶದ ಓಜೋನ್ ಪದರ ತಿನ್ನುವ ಅನಿಲದಿಂದ ಫೋಮ್ ಉಬ್ಬಿಸಿರಬಾರದು. ಎಲ್ಲಕ್ಕಿಂತ ಕಷ್ಟದ್ದು ಗಾಳಿಯ ಪರೀಕ್ಷೆ. ಫೋಮ್ ತುಂಡನ್ನು ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ ಮೂರು ದಿನ ಇಟ್ಟು, ಆ ಪೆಟ್ಟಿಗೆಯ ಗಾಳಿಯಲ್ಲಿ ಏನೇನು ಸೇರಿದೆ ಎಂದು ಯಂತ್ರದಲ್ಲಿ ಅಳೆಯುತ್ತಾರೆ. ಮಲಗಿದವರ ಮೂಗಿನ ಕೆಳಗೇ ಹಾಸಿಗೆ ಇರುವುದಲ್ಲವೇ.

ಪರೀಕ್ಷೆಗೆ ತುಂಡು ತೆಗೆಯುವುದಕ್ಕೂ ನಾಲ್ಕು ಪುಟದ ನಿಯಮಗಳಿದ್ದವು. ಮೇಡಂ ಓದಿ ಹೇಳಿದ್ದನ್ನು ಅತ್ತೆ ತನ್ನ ಮಾತಿನಲ್ಲಿ ಬರೆದುಕೊಂಡಳು: ಈ ವಾರ ಮಾರಾಟಕ್ಕೆಂದೇ ತಯಾರಾದ ಬ್ಲಾಕಿನಿಂದ. ಅಂಚಿನಿಂದಲ್ಲ, ನಟ್ಟನಡುವಿನಿಂದ. ಶುಭ್ರವಾದ ಕೈಗವಸು. ಕತ್ತರಿಸಿದ ತಕ್ಷಣ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಗಾಳಿಯಾಡದ ಚೀಲದಲ್ಲಿ ಹಾಕಿ, ಅವತ್ತೇ ಕಳಿಸಬೇಕು. ಕೊನೆಗೆ, ಇದೆಲ್ಲ ಹೀಗೇ ನಡೆದಿದೆ ಎಂದು ಕತ್ತರಿಸಿದವರ ಸಹಿ.

ಆ ಬೆಳಿಗ್ಗೆ ಅವಳು ಕೋಣೆಗೆ ಹೋಗುವಷ್ಟರಲ್ಲಿ ಕತ್ತರಿಸುವ ಮೇಜಿನ ಮೇಲೆ ಒಂದು ಬ್ಲಾಕ್ ಬಂದು ಕೂತಿತ್ತು. ಪಕ್ಕದಲ್ಲಿ ಪ್ರೊಡಕ್ಷನ್ ಮ್ಯಾನೇಜರು ನಿಂತಿದ್ದರು. ಬ್ಲಾಕಿನ ಮೇಲೆ ಸೀಮೆಸುಣ್ಣದಲ್ಲಿ ಎರಡು ದಿನದ ಹಿಂದಿನ ತಾರೀಖು. ಅತ್ತೆ ಕೈಗವಸು ಹಾಕಿಕೊಂಡಳು, ಬಾಗಿದಳು, ಮತ್ತೆ ನೆಟ್ಟಗಾದಳು.

"ಸರ್, ಇದು ಈ ವಾರದ್ದಲ್ಲ."

"ತಾರೀಖು ಕಾಣಿಸ್ತಿಲ್ವಾ?"

"ತಾರೀಖು ಕಾಣಿಸ್ತಿದೆ. ಆದ್ರೆ ಇದು ಎರಡು ತಿಂಗಳಾದರೂ ಗಾಳಿಗೆ ಬಿದ್ದಿರೋ ಬ್ಲಾಕು. ಕಾಂಪೌಂಡಿನ ಹತ್ರ ಇರೋ ಬೇವಿನ ಮರದ್ದೂ ಸ್ವಲ್ಪ ಸೇರ್ಕೊಂಡಿದೆ."

ಮ್ಯಾನೇಜರು ಮೇಡಂ ಕಡೆ ನೋಡಿದರು. ಮೇಡಂ ಕನ್ನಡಕ ಹುಡುಕತೊಡಗಿದರು.

ಮ್ಯಾನೇಜರು ಕೆಟ್ಟವರಾಗಿರಲಿಲ್ಲ. ಇಪ್ಪತ್ತು ವರ್ಷದಿಂದ ಆ ಕಾರ್ಖಾನೆಯನ್ನು ಹೊತ್ತುಕೊಂಡಿದ್ದವರು. ಫೋಮ್ ಹೆಚ್ಚು ದಿನ ಗಾಳಿಗಿಟ್ಟರೆ ಒಳಗಿನ ಆವಿಯೆಲ್ಲ ಹೊರಟುಹೋಗುತ್ತದೆ, ಪರೀಕ್ಷೆ ಸುಲಭವಾಗಿ ಮುಗಿಯುತ್ತದೆ, ಅಷ್ಟೇ ಅವರ ಲೆಕ್ಕ. ದನಿ ತಗ್ಗಿಸಿ ಹೇಳಿದರು: "ನೋಡಮ್ಮ, ಎಲ್ಲ ಕಡೆ ಹೀಗೇ ಮಾಡ್ತಾರೆ. ಒಂದು ಸಹಿ ತಾನೆ ಕೇಳ್ತಿರೋದು."

"ನನ್ನ ಹತ್ರ ಇರೋದೂ ಒಂದೇ ಸಹಿ ಸರ್."

"ಫೇಲಾದ್ರೆ? ಆಸ್ಪತ್ರೆಯವರು ಬೇರೆ ಕಡೆ ಹೋಗ್ತಾರೆ. ಎಲ್ಲರ ಹೊಟ್ಟೆ ಮೇಲೆ ಹೊಡೆದ ಹಾಗಾಗತ್ತೆ."

"ಫೇಲಾದ್ರೆ ಯಾಕೆ ಅಂತ ಹುಡುಕೋಣ. ಪಾಸಾದ್ರೆ, ಆ ವಾರ್ಡಿಗೆ ಹೋಗೋ ಹಾಸಿಗೆ ಈ ಬ್ಲಾಕಿಂದಲ್ವಲ್ಲ ಸರ್. ಶೆಡ್ಡಲ್ಲಿರೋದೇ ಹೋಗೋದು."

ಆಮೇಲೆ ಮೇಡಂ, ಹುಡುಕುತ್ತಿದ್ದ ಕನ್ನಡಕ ತಲೆಯ ಮೇಲೇ ಸಿಕ್ಕಿ, ಅದನ್ನು ಮೂಗಿಗೇರಿಸಿ, "ಅಕ್ಕ ಹೇಳ್ತಿರೋದು ಸರಿ ಸರ್. ಕೆಳಗಡೆ ನನ್ನದೂ ಸಹಿ ಬೇಕು. ನಾನೂ ಹಾಕಲ್ಲ" ಎಂದರು. ಮ್ಯಾನೇಜರು ಇಬ್ಬರನ್ನೂ ನೋಡಿ ಹೊರಟುಹೋದರು. ತಡೆಯಲೂ ಇಲ್ಲ, ಬೇರೆಯವರನ್ನು ಕರೆಸಲೂ ಇಲ್ಲ. ಅತ್ತೆ, ಮೇಡಂ ಇಬ್ಬರೂ ಶೆಡ್ಡಿನಲ್ಲಿದ್ದ ಆ ವಾರದ ಬ್ಲಾಕುಗಳ ನಂಬರುಗಳನ್ನು ಚೀಟಿಗಳಲ್ಲಿ ಬರೆದು, ಹೆಲ್ಮೆಟ್ಟಿನಲ್ಲಿ ಕುಲುಕಿ, ಒಂದನ್ನೆತ್ತಿ, ಅದರ ನಡುವಿನಿಂದ ತುಂಡು ತೆಗೆದರು. ಅತ್ತೆ ಸಹಿ ಹಾಕಿದಳು. ಅವಳದು ಗೀಚುವ ಸಹಿಯಲ್ಲ. ಒಂದೊಂದೇ ಅಕ್ಷರ ಬಿಡಿಸಿ, ಯಾರು ಬೇಕಾದರೂ ಓದುವ ಹಾಗೆ ಬರೆಯುತ್ತಾಳೆ.

ಐದು ವಾರದ ಮೇಲೆ ಫಲಿತಾಂಶ ಬಂತು. ಫೇಲು.

ಸೀಸ, ಪಾದರಸ, ಓಜೋನಿನ ವಿಷಯ ಎಲ್ಲದರಲ್ಲೂ ಪಾಸಾಗಿತ್ತು. ಗಾಳಿಯ ಪರೀಕ್ಷೆಯಲ್ಲಿ ಮಾತ್ರ ಮಿತಿಯ ಎರಡರಷ್ಟು ಆವಿ. ಆಸ್ಪತ್ರೆಯವರು ಆ ವರ್ಷದ ಮಟ್ಟಿಗೆ ಬೇರೆ ಕಡೆ ನೋಡುತ್ತೇವೆಂದರು. ಕಾರ್ಖಾನೆಯಲ್ಲಿ ಸುದ್ದಿ ಹಬ್ಬಿದ್ದು ಇನ್ನೊಂದು ರೀತಿ: ಮೂಗಕ್ಕ ಸ್ಯಾಂಪಲ್ ತೆಗೆಯೋದರಲ್ಲಿ ಏನೋ ಎಡವಟ್ಟು ಮಾಡಿದ್ದಾಳೆ. ಹಾಳೆ ಸರಿಯಾಗಿ ಸುತ್ತಿಲ್ಲವಂತೆ, ಕೈಗವಸು ಹಾಕಿರಲಿಲ್ಲವಂತೆ. ಕ್ಯಾಂಟೀನಿನಲ್ಲಿ ಅವಳು ಕೂತ ಮೇಜಿಗೆ ಜನ ಬರುವುದು ನಿಂತಿತು. ಪ್ಯಾಕಿಂಗಿನ ಹಳೆಯ ಗೆಳತಿಯರೂ ತಟ್ಟೆ ಹಿಡಿದು ಆ ಕಡೆ ತಿರುಗಿ ಹೋದರು.

ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಗಾಳಿಗಿಟ್ಟ ಬ್ಲಾಕಿನ ವಿಷಯ ಆ ಕೋಣೆಯ ಮೂವರನ್ನು ಬಿಟ್ಟರೆ ಯಾರಿಗೂ ಗೊತ್ತಾಗಲಿಲ್ಲ. ಮನೆಯಲ್ಲಿ ಮಾವನಿಗೂ ಹೇಳಿರಲಿಲ್ಲ. ನಾನು ಆಗ ಕಾಲೇಜಿನಲ್ಲಿದ್ದೆ. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದವಳ ಪಕ್ಕ ಕೂತು, "ಅತ್ತೆ, ನಿಜವಾಗ್ಲೂ ನಿನ್ನಿಂದ ತಪ್ಪಾಯ್ತಾ?" ಎಂದು ಕೇಳಿದೆ.

"ಇಲ್ಲ ಕಣೆ" ಎಂದಳು. "ತುಂಡು ಸರಿಯಾಗೇ ತೆಗೆದೆ. ಅದಕ್ಕೇ ಫೇಲಾಗಿದ್ದು."

"ಮತ್ತೆ ಎಲ್ಲರ ಹತ್ರ ಅನ್ನಿಸ್ಕೊಂಡು ಯಾಕೆ ಸುಮ್ನಿದ್ದೀಯ?"

"ಸುಮ್ನೆ ಎಲ್ಲಿದ್ದೀನಿ? ನಿಮ್ಮಮ್ಮನ ಹತ್ರ ಖಾಲಿ ಜಾಮ್ ಬಾಟಲಿ ಎಷ್ಟಿದೆ ಕೇಳ್ಕೊಂಡು ಬಾ. ಮುಚ್ಚಳ ಗಟ್ಟಿ ಇರೋದೇ ಆಗಬೇಕು."

ಅಮ್ಮನ ಏಳು ಬಾಟಲಿ, ಮಾವ ಡಿಪೋದ ಕ್ಯಾಂಟೀನಿನಿಂದ ತಂದ ಹನ್ನೆರಡು, ಬೀದಿಯ ಮನೆಗಳಿಂದ ಕೇಳಿ ತಂದವು ಹತ್ತು ಹದಿನೈದು. ಎಲ್ಲವನ್ನೂ ಅತ್ತೆ ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿ ಕಾರ್ಖಾನೆಗೆ ಒಯ್ದಳು. ಪ್ರತಿ ಬ್ಲಾಕಿನಿಂದ ಬೆಂಕಿಪೊಟ್ಟಣದಷ್ಟು ತುಂಡು ತೆಗೆದು ಬಾಟಲಿಯಲ್ಲಿ ಹಾಕಿ, ಮುಚ್ಚಿ, ಸಣ್ಣ ಓವನ್ನಿನಲ್ಲಿ ಎರಡು ಗಂಟೆ ಬೆಚ್ಚಗಿಟ್ಟು, ತೆಗೆದು ಮೂಸುವುದು. ವಾಸನೆಯೇ ಇಲ್ಲದಿದ್ದರೆ ಒಂದು ಅಂಕ, ತಡೆಯಲಾಗದಿದ್ದರೆ ಆರು. ಇಂಥ ಪರೀಕ್ಷೆ ಬೇರೆ ಕಡೆಗಳಲ್ಲೂ ಉಂಟೆಂದು, ಅದಕ್ಕೆ ಒಬ್ಬರಲ್ಲ ಹಲವರ ಮೂಗು ಬೇಕೆಂದು ಮೇಡಂ ಹೇಳಿದರು. ಹಲವರು ಎಲ್ಲಿಂದ ಬರಬೇಕು, ಮಾತಾಡುವವರೇ ಇಲ್ಲದಿರುವಾಗ?

ಮೊದಲು ಬಂದವನು ಫೋರ್ಕ್‌ಲಿಫ್ಟಿನವನು. "ನನ್ನ ಮೂಗು ಬರೀ ಶೀತಕ್ಕೆ ಅಂತ ಇಟ್ಕೊಂಡಿದ್ದೆ ಅಕ್ಕ, ಕೊಡಿ ನೋಡೋಣ" ಎಂದು ಕೂತ. ಬಾಟಲಿ ತೆರೆದು ಮೂಸಿ, ಯೋಚಿಸಿ, "ಒದ್ದೆ ನಾಯಿ" ಎಂದ. ಅತ್ತೆ ನಗದೆ ಅದನ್ನೇ ಬರೆದುಕೊಂಡಳು. ಮಾರನೆಯ ದಿನ ಅವನು ಇಬ್ಬರನ್ನು ಎಳೆದು ತಂದ. ಹದಿನೈದು ದಿನದಲ್ಲಿ ಪರೀಕ್ಷಾ ಕೋಣೆಯ ಮುಂದೆ ಊಟದ ಬಿಡುವಿಗೆ ಸಾಲು ನಿಲ್ಲತೊಡಗಿತು. ಅತ್ತೆಯ ನೋಟ್‌ಬುಕ್ಕಿನಲ್ಲಿ ಆ ದಿನಗಳ ಪುಟಗಳನ್ನು ಓದಬೇಕು. ಹೊಸ ಚಪ್ಪಲಿ. ಮುಚ್ಚಿಟ್ಟ ಟ್ರಂಕು. ಕೆಟ್ಟ ಮೀನು. ಶಾಲೆಯ ಮೊದಲ ದಿನ. ನಮ್ಮ ಸೋದರಮಾವನ ಸ್ಕೂಟರು. ಪ್ರತಿಯೊಂದರ ಎದುರಿಗೂ ಬ್ಲಾಕಿನ ನಂಬರು, ಸುರಿದ ದಿನ, ಶೆಡ್ಡಿನಲ್ಲಿ ಇಟ್ಟ ಜಾಗ.

ಎರಡು ತಿಂಗಳ ಮೇಲೆ ಅವಳೂ ಮೇಡಂ ಅವರೂ ಆ ಪುಟಗಳನ್ನೆಲ್ಲ ಹರಡಿಕೊಂಡು ಕೂತಾಗ ಎರಡು ಸಂಗತಿ ಎದ್ದು ಕಂಡವು. ಶೆಡ್ಡಿನ ಹಿಂಗೋಡೆಯ ಬಳಿ ಇಟ್ಟ ಬ್ಲಾಕುಗಳಿಗೆ ಐದು, ಆರು ಅಂಕ. ಬಾಗಿಲ ಬಳಿ ಇಟ್ಟವಕ್ಕೆ ಮೂರು. ಧೂಳು ಕೂರಬಾರದೆಂದು ಹಿಂದಿನ ಬ್ಲಾಕುಗಳನ್ನು ಒಂದಕ್ಕೊಂದು ತಾಗಿಸಿ, ಸುರಿದ ದಿನವೇ ಪ್ಲಾಸ್ಟಿಕ್ ಹೊದಿಸುತ್ತಿದ್ದರು. ಉಸಿರಾಡಲು ಜಾಗವಿಲ್ಲದೆ ಆವಿಯೆಲ್ಲ ಒಳಗೇ ಉಳಿಯುತ್ತಿತ್ತು. ಇನ್ನೊಂದು, "ಕೆಟ್ಟ ಮೀನು" ಎಂಬ ಮಾತು ಎಲ್ಲೆಲ್ಲೂ ಇತ್ತು. ಫೋಮ್ ಬೇಗ ಉಬ್ಬಲೆಂದು ಚಿಟಿಕೆಯಷ್ಟು ಬೆರೆಸುವ ಒಂದು ರಾಸಾಯನಿಕದ ವಾಸನೆ ಅದು. ಅದು ಕೆಲಸ ಮುಗಿಸಿದ ಮೇಲೂ ಫೋಮಿನೊಳಗೆ ಬಿಡಿಯಾಗಿ ಉಳಿದು, ದಿನವೂ ಚೂರುಚೂರೇ ಹೊರಬರುತ್ತದೆ. ಫೋಮಿನ ಜೊತೆಗೇ ಬೆಸೆದುಕೊಂಡು ಹೊರಬಾರದ ಇನ್ನೊಂದು ಬಗೆ ಇದೆಯೆಂದು ಮೇಡಂಗೆ ಗೊತ್ತಿತ್ತು. ತರಿಸುವುದಕ್ಕೆ ಕಾರಣ ಬೇಕಿತ್ತು. ಕಾರಣ ಈಗ ನೋಟ್‌ಬುಕ್ಕಿನ ತುಂಬ ಇತ್ತು.

ಇಬ್ಬರೂ ಅದನ್ನು ಹಿಡಿದುಕೊಂಡು ಮ್ಯಾನೇಜರ ಕೋಣೆಗೆ ಹೋದರು. ಮ್ಯಾನೇಜರು ಪುಟ ತಿರುಗಿಸುತ್ತ ಹೋದರು. "ಸೋದರಮಾವನ ಸ್ಕೂಟರು" ಎಂಬಲ್ಲಿ ಮಾತ್ರ ಅವರ ತುಟಿ ಸ್ವಲ್ಪ ಅಲುಗಿತಂತೆ. ಪುಸ್ತಕ ಮುಚ್ಚಿ ಎದ್ದರು, ಅತ್ತೆಯನ್ನು ಕರೆದುಕೊಂಡು ಶೆಡ್ಡಿಗೆ ಹೋದರು, ಎರಡು ಬ್ಲಾಕುಗಳ ನಡುವೆ ತಮ್ಮ ಮೊಳಕೈ ಇಟ್ಟು, "ಇಷ್ಟು ಸಂದಿ ಸಾಕಾ?" ಎಂದರು.

"ಸಾಕು ಸರ್. ಹಿಂಗೋಡೇಲಿ ಫ್ಯಾನ್ ಬಂದ್ರೆ ಇನ್ನೂ ಒಳ್ಳೇದು."

ಒಂದು ತಿಂಗಳಲ್ಲಿ ಬ್ಲಾಕುಗಳನ್ನು ಸಂದಿ ಬಿಟ್ಟು ಇಡಲು ಕಬ್ಬಿಣದ ಸ್ಟ್ಯಾಂಡುಗಳು ಬಂದವು, ಹಿಂಗೋಡೆಗೆ ನಾಲ್ಕು ದೊಡ್ಡ ಫ್ಯಾನುಗಳು ಬಂದವು. ಬೆಸುಗೆಯವರ ಜೊತೆ ನಿಂತು ಅಳತೆ ಹಿಡಿದವರು ಮ್ಯಾನೇಜರೇ. ಹೊಸ ರಾಸಾಯನಿಕಕ್ಕೆ ಫೋಮ್ ಮೊದಮೊದಲು ಮೊಂಡು ಹಿಡಿಯಿತು. ಒಂದು ಸಲ ನಡುವೆ ಬಿರುಕು ಬಿಟ್ಟಿತು, ಇನ್ನೊಂದು ಸಲ ಉಬ್ಬಿದ್ದು ಮತ್ತೆ ಕುಸಿದು ಎಮ್ಮೆ ಮಲಗಿದ ಹಾಗೆ ಕೂತಿತು. ಮೇಡಂ ಹನ್ನೊಂದನೇ ಸಲಕ್ಕೆ ಹದ ಹಿಡಿದರು. ಆ ಬ್ಲಾಕಿನ ಬಾಟಲಿಗಳನ್ನು ಎಂಟು ಜನ ಮೂಸಿದರು. ಆರು ಜನ ಎರಡು ಎಂದರು, ಇಬ್ಬರು ಒಂದು ಎಂದರು. ಫೋರ್ಕ್‌ಲಿಫ್ಟಿನವನು ಎರಡು ಸಲ ಮೂಸಿ, "ಖಾಲಿ ಬಾಟಲಿ ಕೊಟ್ಟು ಆಟ ಆಡಿಸ್ತಿದ್ದೀರಾ ಅಕ್ಕ?" ಎಂದ. ಅವನ ಬಾಟಲಿಯಲ್ಲಿ ತುಂಡು ಕಣ್ಣೆದುರೇ ಇತ್ತು.

ಎರಡನೇ ಸಲ ಪ್ರಮಾಣಪತ್ರ ಕೊಡುವ ಸಂಸ್ಥೆಯ ಪರೀಕ್ಷಕಿಯೊಬ್ಬರು ತಾವೇ ಬಂದರು. ಬೆಳಿಗ್ಗೆ ಒಂಬತ್ತಕ್ಕೆ ಬಂದವರು ಚಹಾ ಬೇಡವೆಂದು, ಕುರ್ಚಿ ಬೇಡವೆಂದು, ಡ್ರಮ್ಮುಗಳ ಮೇಲಿನ ಚೀಟಿಯಿಂದ ಹಿಡಿದು ಕಸದ ತೊಟ್ಟಿಯವರೆಗೆ ಎಲ್ಲ ನೋಡಿದರು. ಖರೀದಿಯ ಕಾಗದಗಳಿಗೂ ಗೋದಾಮಿನ ಡ್ರಮ್ಮುಗಳಿಗೂ ತಾಳೆ ಹಾಕಿದರು. ಮಧ್ಯಾಹ್ನ ಶೆಡ್ಡಿಗೆ ಬಂದು, ತಾವೇ ಬೆರಳು ತೋರಿಸಿ, "ಆ ಬ್ಲಾಕು. ಯಾರು ತೆಗೀತಾರೆ?" ಎಂದರು.

"ನಾನು ತೆಗೀತೀನಿ ಮೇಡಂ" ಎಂದಳು ಅತ್ತೆ.

ಅದನ್ನು ನೋಡಲು ಅರ್ಧ ಕಾರ್ಖಾನೆ ಬಾಗಿಲಲ್ಲಿ ನಿಂತಿತ್ತು. ಅತ್ತೆ ಬ್ಲೇಡು ಒರೆಸಿದಳು. ಹೊಸ ಕೈಗವಸು ಹಾಕಿದಳು. ಬ್ಲಾಕಿನ ಉದ್ದ ಅಳೆದು, ಅಗಲ ಅಳೆದು, ನಡು ಗುರುತು ಮಾಡಿದಳು. ಕೊಯ್ದಳು. ಹಾಳೆಯ ಹೊಳೆಯುವ ಬದಿ ಹೊರಗೆ ಬರುವಂತೆ ಸುತ್ತಿದಳು. ಮೂಲೆಗಳನ್ನು ಮೂರು ಸಲ ಮಡಿಸಿದಳು. ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿಗೆ ಬೆಸುಗೆ ಕೊಟ್ಟಳು. ಎಲ್ಲ ಸೇರಿ ನಾಲ್ಕು ನಿಮಿಷ. ಪರೀಕ್ಷಕಿಯ ಕೈಯಲ್ಲಿದ್ದ ಪಟ್ಟಿಯಲ್ಲಿ ಟಿಕ್ ಹಾಕಬೇಕಾದ ಹದಿನಾಲ್ಕು ಸಾಲುಗಳಿದ್ದವಂತೆ. ಅವರು ಪೆನ್ನು ಎತ್ತಿದ್ದು ಹದಿನಾಲ್ಕು ಸಲವೇ.

ಸಹಿ ಮಾಡುವಾಗ ಪರೀಕ್ಷಕಿ ಕೇಳಿದರು. "ಹೋದ ಸಲದ ಸ್ಯಾಂಪಲ್ ತೆಗೆದಿದ್ದೂ ನೀವೇನಾ?"

"ಹೌದು ಮೇಡಂ. ಫೇಲಾಗಿದ್ದು."

"ಗೊತ್ತು. ಅದನ್ನ ಬಿಚ್ಚಿದವಳು ನಾನೇ. ಇಷ್ಟು ಅಚ್ಚುಕಟ್ಟಾಗಿ ಸುತ್ತಿ ಬಂದಿದ್ದು ಆ ವರ್ಷ ಅದೊಂದೇ" ಎಂದರು.

ಬಾಗಿಲಲ್ಲಿ ನಿಂತವರಿಗೆಲ್ಲ ಅದು ಕೇಳಿಸಿತು. ಪ್ಯಾಕಿಂಗಿನ ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಫಲಿತಾಂಶ ಈ ಸಲ ನಾಲ್ಕೇ ವಾರಕ್ಕೆ ಬಂತು. ಮ್ಯಾನೇಜರು ಊಟದ ಬಿಡುವಿನಲ್ಲಿ ಮೈಕು ಹಿಡಿದು ಕಾಗದವನ್ನು ಮೊದಲ ಸಾಲಿನಿಂದ ಓದಿದರು. ಗಾಳಿಯ ಪರೀಕ್ಷೆಯಲ್ಲಿ ಮಿತಿಯ ಐದನೇ ಒಂದು ಭಾಗ. ಉಳಿದೆಲ್ಲ ಸರಿ. ಪ್ರಮಾಣಪತ್ರ ಕೊಡಲಾಗಿದೆ. ಕೊನೆಯ ಸಾಲು, "ಮಾದರಿ ತೆಗೆದವರು" ಎಂದು ಹೇಳಿ, ಅತ್ತೆಯ ಪೂರ್ತಿ ಹೆಸರು ಓದಿದರು. ಅರ್ಧ ಜನಕ್ಕೆ ಅದು ಯಾರ ಹೆಸರೆಂದೇ ತಿಳಿಯಲಿಲ್ಲ. ಯಾರೋ, "ಯಾರಪ್ಪ ಅವರು, ಹೊರಗಿನವರಾ?" ಎಂದರು. ಫೋರ್ಕ್‌ಲಿಫ್ಟಿನವನು ಬೆಂಚಿನ ಮೇಲೆ ಹತ್ತಿ ನಿಂತು ಕಿರುಚಿದ: "ಲೋ, ನಮ್ಮ ಮೂಗಕ್ಕ ಕಣ್ರೋ!" ಆಮೇಲೆ ಆದ ಗದ್ದಲಕ್ಕೆ ಕ್ಯಾಂಟೀನಿನ ಅಡುಗೆಯವರೂ ಸೌಟು ಹಿಡಿದು ಹೊರಗೆ ಬಂದರಂತೆ.

ಅವತ್ತು ಸಂಜೆ ಮಾವ ಡಿಪೋದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಸುದ್ದಿ ಹೇಳಿ, ಬಸ್ಸಿನ ಪ್ರಯಾಣಿಕರಿಗೂ ಹೇಳಿ, ಮನೆಗೆ ಬಂದು ನಮಗೆ ಇನ್ನೊಮ್ಮೆ ಹೇಳಿದರು. ಅತ್ತೆ ಪಾತ್ರೆ ತೊಳೆಯುತ್ತ, "ಸಾಕು ಮಾಡಿ, ಕಾಗದ ಬಂದಿರೋದು ಫೋಮಿಗೆ, ನಿಮಗಲ್ಲ" ಎಂದಳು. ಆದರೆ ಬೆನ್ನು ನಮ್ಮ ಕಡೆಗಿದ್ದರೂ ಕಿವಿಯವರೆಗೆ ನಗು ಹರಡಿದ್ದು ಕಾಣುತ್ತಿತ್ತು.

ಮಕ್ಕಳ ಆಸ್ಪತ್ರೆಯವರು ಮರುವರ್ಷ ಬಂದರು. ಅವರ ಹಿಂದೆ ಹಾಸ್ಟೆಲಿನವರು, ರೈಲಿನ ಬರ್ತುಗಳನ್ನು ಹೊಲಿಯುವವರು ಬಂದರು. ಪ್ರಮಾಣಪತ್ರವನ್ನು ಪ್ರತಿವರ್ಷ ಹೊಸದಾಗಿ ಗಳಿಸಬೇಕು, ಆದ್ದರಿಂದ ಪ್ರತಿವರ್ಷವೂ ಅತ್ತೆ ತುಂಡು ತೆಗೆದಳು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಮತ್ತೆ ಫೇಲಾಗಿಲ್ಲ. ಈಗ ಬೇರೆ ಕಾರ್ಖಾನೆಗಳವರೂ ಅವಳನ್ನು ಕರೆಸಿಕೊಂಡು ತಮ್ಮವರಿಗೆ ಕಲಿಸಲು ಹೇಳುತ್ತಾರೆ. ಹತ್ತನೇ ತರಗತಿ ಓದಿದ ನಮ್ಮ ಅತ್ತೆ ಪದವೀಧರರನ್ನು ಸಾಲಾಗಿ ನಿಲ್ಲಿಸಿ ಅಲ್ಯೂಮಿನಿಯಂ ಹಾಳೆ ಮಡಿಸಲು ಕಲಿಸುತ್ತಾಳೆ, ಮೂಲೆ ಸೊಟ್ಟಗಾದರೆ ಬಿಚ್ಚಿಸಿ ಮತ್ತೆ ಮಡಚಿಸುತ್ತಾಳೆ.

ಕಳೆದ ವರ್ಷ ಮ್ಯಾನೇಜರು ನಿವೃತ್ತರಾದರು. ಬೀಳ್ಕೊಡುಗೆಗೆ ನಮ್ಮನ್ನೂ ಕರೆದಿದ್ದರು. ಹಾರ, ಶಾಲು, ಹೊಗಳಿಕೆ ಎಲ್ಲ ಮುಗಿದ ಮೇಲೆ ಅವರು ಎದ್ದುನಿಂತು, ಜೇಬಿನಿಂದ ತೆಗೆದ ಭಾಷಣದ ಕಾಗದವನ್ನು ಮತ್ತೆ ಜೇಬಿಗೇ ಹಾಕಿದರು.

"ಒಂದು ವಿಷಯ ಹೇಳಿ ಹೋಗ್ತೀನಿ" ಎಂದರು. "ಮೊದಲನೇ ಸಲ ಸ್ಯಾಂಪಲ್ ಫೇಲಾದಾಗ ನೀವೆಲ್ಲ ಮೂಗಕ್ಕನ್ನ ಬೈದ್ರಿ. ನಾನೂ ಸುಮ್ನಿದ್ದೆ. ಅವತ್ತು ಪಾಸಾಗಲಿ ಅಂತ ಗಾಳಿಗಿಟ್ಟಿದ್ದ ಹಳೇ ಬ್ಲಾಕ್ ತಂದು ಮೇಜಿನ ಮೇಲಿಟ್ಟಿದ್ದವನು ನಾನು. ಈಯಮ್ಮ ಸಹಿ ಹಾಕಲಿಲ್ಲ. ಹಾಕಲಿಲ್ಲ ಅನ್ನೋದನ್ನ ಹೊರಗೆ ಹೇಳಲೂ ಇಲ್ಲ. ನಾನಿಲ್ಲಿ ಹನ್ನೊಂದು ವರ್ಷ ತಲೆಯೆತ್ತಿ ಓಡಾಡಿದ್ದು ಅದರಿಂದ."

ಮುಂದಿನ ಸಾಲಿನಲ್ಲಿದ್ದ ಮಾಲೀಕರು ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದೆಲ್ಲೋ ಒಬ್ಬರು ಕುರ್ಚಿ ಸರಿಸಿದ ಸದ್ದು. ಮಾವ ಬಾಯಿ ತೆರೆದುಕೊಂಡು ಹೆಂಡತಿಯ ಕಡೆ ತಿರುಗಿದರು. ಅವರಿಗೂ ಅದು ಆಗಲೇ ಗೊತ್ತಾದದ್ದು. ಅತ್ತೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಈ ಸರ್ ಒಬ್ರು, ಊಟದ ಹೊತ್ತಲ್ಲಿ ಇದೆಲ್ಲ ಯಾಕೆ" ಎಂದು ಗೊಣಗಿದಳು. ಚಪ್ಪಾಳೆ ಶುರುವಾಗಿ, ಜನ ಒಬ್ಬೊಬ್ಬರಾಗಿ ಎದ್ದುನಿಂತರು. ಮೊದಲು ಎದ್ದದ್ದು ಪ್ಯಾಕಿಂಗ್ ವಿಭಾಗ.

ದಾರಿಯಲ್ಲಿ ಬರುವಾಗ ನಾನು ತಡೆಯಲಾರದೆ ಕೇಳಿದೆ. "ಅಷ್ಟೆಲ್ಲ ಅನ್ನಿಸ್ಕೊಂಡಾಗಲೂ ಒಬ್ಬರಿಗಾದ್ರೂ ಹೇಳಬೇಕು ಅನ್ನಿಸ್ಲಿಲ್ವಾ ಅತ್ತೆ?"

"ಅನ್ನಿಸ್ತು. ದಿನಾ ಅನ್ನಿಸ್ತಿತ್ತು" ಎಂದಳು. "ಆದ್ರೆ ಹೇಳಿದ್ರೆ ಅವರನ್ನ ತೆಗೆದುಹಾಕ್ತಿದ್ರು. ಆ ಮನುಷ್ಯನಷ್ಟು ಆ ಶೆಡ್ಡು ಗೊತ್ತಿದ್ದೋರು ಇನ್ನೊಬ್ಬರಿರಲಿಲ್ಲ ಕಣೆ. ಸ್ಟ್ಯಾಂಡು ಮಾಡಿಸೋಕೆ ಅವರು ಬೇಕಿತ್ತು."

ಆಮೇಲೆ, ಸ್ವಲ್ಪ ದೂರ ನಡೆದು, "ಇವತ್ತು ಹೇಳಿದ್ದು ಒಳ್ಳೇದಾಯ್ತು. ಕೇಳಿ ಸಂತೋಷ ಆಯ್ತು" ಎಂದಳು. ಸೋಮವಾರ ಹೊಸ ಮ್ಯಾನೇಜರು ಕೆಲಸಕ್ಕೆ ಬರುವವರಿದ್ದರು. ಬೆಳಿಗ್ಗೆ ಬೇಗ ಹೋಗಿ ಅವರಿಗೆ ಶೆಡ್ಡು ತೋರಿಸಬೇಕೆಂದು ಅವಳು ಮಾವನಿಗೆ 'ಅಲಾರಾಂ ಇಡಿ' ಎಂದು ಅಲ್ಲೇ ಹೇಳಿಟ್ಟಳು.